ಸುರಕ್ಷತಾ ಯೋಜನೆ (ಕೌಟುಂಬಿಕ ಹಿಂಸೆ)

ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆ ತನ್ನ ಹಾಗೂ ಮಕ್ಕಳ ರಕ್ಷಣೆಗಾಗಿ ಮುಂಚಿತವಾಗಿ ಮಾಡಿಕೊಳ್ಳುವ ಏರ್ಪಾಡು. ಭಾರತದಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟದ್ದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಕಾಯ್ದೆಯೂ ಅದರ ನಿಯಮಗಳೂ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದವು.

ನಮೂನೆ 5: ನಿಯಮಗಳ ಪ್ರಕಾರ, ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ ಅಪಾಯದ ಮಟ್ಟವನ್ನು ಅಂದಾಜಿಸಿ, ಮಹಿಳೆಯೊಂದಿಗೆ ಸಮಾಲೋಚಿಸಿ ಸುರಕ್ಷತಾ ಯೋಜನೆಯ ಈ ನಮೂನೆಯನ್ನು ತುಂಬಬೇಕು. ನಡೆದ ಹಿಂಸೆ, ಅದರ ಪರಿಣಾಮ, ಮುಂದಿನ ಭಯ, ಬೇಕಾದ ರಕ್ಷಣೆ, ಕೋರುವ ಆದೇಶ ಇವೆಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಕಾಲಮುಗಳಿವೆ. ಹಿಂಸೆ ಮರುಕಳಿಸುವ ಭಯ ಮತ್ತು ಹೆಚ್ಚುವ ಭಯವನ್ನು ಪ್ರತ್ಯೇಕವಾಗಿ ಕೇಳುವುದು ಇದರ ಮುಖ್ಯ ಗುಣ. ಏಕೆಂದರೆ ಮನೆ ಬಿಡುವ ಹೊತ್ತಿನಲ್ಲಿ ಹಿಂಸೆ ಉಲ್ಬಣಿಸುವುದುಂಟು.

ವಾಸದ ಹಕ್ಕು: ಯೋಜನೆಯೆಂದರೆ ಮನೆ ಬಿಡುವುದೇ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಕಾಯ್ದೆಯ 17ನೇ ಕಲಮು ಮಹಿಳೆಗೆ ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ; ಮನೆ ಅವಳ ಹೆಸರಿನಲ್ಲಿ ಇರಬೇಕಿಲ್ಲ. ಆದರೆ ಎಸ್.ಆರ್. ಬಾತ್ರಾ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಈ ಹಕ್ಕನ್ನು ಗಂಡನ ಸ್ವಂತ ಅಥವಾ ಬಾಡಿಗೆ ಮನೆಗೂ ಅವಿಭಕ್ತ ಕುಟುಂಬದ ಮನೆಗೂ ಸೀಮಿತಗೊಳಿಸಿತು. ಅತ್ತೆಯ ಹೆಸರಿನ ಮನೆಯಲ್ಲಿದ್ದ ಸೊಸೆ ಹೊರಗುಳಿದಳು. 2020ರ ಸತೀಶ್ ಚಂದರ್ ಅಹುಜಾ ತೀರ್ಪು ಆ ವ್ಯಾಖ್ಯಾನವನ್ನು ತಳ್ಳಿಹಾಕಿತು. ಹಾಗಿದ್ದರೂ ಹಕ್ಕು ನಿರಪೇಕ್ಷವಲ್ಲ. ವೃದ್ಧ ಅತ್ತೆ-ಮಾವಂದಿರ ನೆಮ್ಮದಿಯನ್ನೂ ತೂಗಿ ನೋಡಬೇಕೆಂದು ಅದೇ ತೀರ್ಪು ಹೇಳಿದೆ. 19ನೇ ಕಲಮಿನಡಿ ಹಿಂಸಿಸುವ ಗಂಡನನ್ನೇ ಮನೆಯಿಂದ ಹೊರಗಿರುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು, ಇಲ್ಲವೇ ಬೇರೆ ವಸತಿ ಅಥವಾ ಬಾಡಿಗೆ ಕೊಡಿಸಬಹುದು.

ಸಿದ್ಧತೆ: ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲಾ ದಾಖಲೆ, ವೈದ್ಯಕೀಯ ಚೀಟಿಗಳು, ಸ್ತ್ರೀಧನದ ಪಟ್ಟಿ ಇವುಗಳ ಪ್ರತಿಯನ್ನು ನಂಬಿಕಸ್ಥರ ಬಳಿ ಇಡುವುದು ಒಳಿತು. ಗಂಡನ ಕೈಗೆ ಸಿಗುವ ಫೋನಿನಲ್ಲಿ ಯೋಜನೆಯ ಮಾತುಕತೆ ಬೇಡ.

ನೆರವು: ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್, ಕಾನೂನು ನೆರವು ಮತ್ತು ತಾತ್ಕಾಲಿಕ ಆಸರೆ ಒಂದೇ ಕಡೆ ಸಿಗುವ ವ್ಯವಸ್ಥೆಯಿದೆ. ಕರ್ನಾಟಕದಲ್ಲಿ ಸಾಂತ್ವನ ಕೇಂದ್ರಗಳೂ ಈ ಕೆಲಸ ಮಾಡಿವೆ. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಲು ಮಹಿಳೆ ಅರ್ಹಳು.

ಆದೇಶದ ಉಲ್ಲಂಘನೆ: ಹಿಂಸೆ ತಡೆಯಲು ಮ್ಯಾಜಿಸ್ಟ್ರೇಟ್ ನೀಡುವ ಸಂರಕ್ಷಣಾ ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದೇಶದ ಪ್ರತಿ ಮಹಿಳೆಗೂ ಆ ವ್ಯಾಪ್ತಿಯ ಠಾಣೆಗೂ ಉಚಿತವಾಗಿ ಸಲ್ಲಬೇಕು.