ಧೋಲ್ (ಪ್ರಾಣಿವಾಚಕ ಪದ)

ಧೋಲ್: ಏಷ್ಯಾದ ಕಾಡುನಾಯಿಗೆ ಇಂಗ್ಲಿಷಿನಲ್ಲಿರುವ ಹೆಸರು. ಇಂಗ್ಲಿಷರ ಬಾಯಲ್ಲಿ ಇದು ‘ಡೋಲ್’. ಕನ್ನಡದಲ್ಲಿ ಈ ಪ್ರಾಣಿಗೆ ಕೆನ್ನಾಯಿ, ಸೀಳುನಾಯಿ, ಕಾಡುನಾಯಿ ಎಂಬ ಹೆಸರುಗಳಿವೆ. ವೈಜ್ಞಾನಿಕ ಹೆಸರು ಕ್ಯುವಾನ್ ಆಲ್ಪೈನಸ್. ಪದದ ಮೂಲ ಇನ್ನೂ ಇತ್ಯರ್ಥವಾಗಿಲ್ಲ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದು ಕನ್ನಡದ ‘ತೋಳ’ದಿಂದ ಬಂದಿರಬಹುದು ಎನ್ನುತ್ತದೆ. ಈ ಊಹೆಯನ್ನು ಒರೆಗೆ ಹಚ್ಚಲು ಬೆಳಗಾವಿ ಜಿಲ್ಲೆ ಒಳ್ಳೆಯ ಜಾಗ. ಪಶ್ಚಿಮಕ್ಕೆ ಖಾನಾಪುರದ ಮಲೆ ಕೆನ್ನಾಯಿಗೆ ಒಗ್ಗಿದ್ದು. ಪೂರ್ವಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಒಣ ಬಯಲು ತೋಳಕ್ಕೆ ಒಗ್ಗಿದ್ದು.

ಎರಡೂ ನಾಯಿಯ ಕುಲದವೇ ಆದರೂ ಒಂದನ್ನು ಕಂಡು ಇನ್ನೊಂದೆನ್ನುವುದು ಸುಲಭವಲ್ಲ. ಕೆನ್ನಾಯಿಯ ಮೈ ಇಟ್ಟಿಗೆಗೆಂಪು, ಬಾಲ ಕಪ್ಪು ಕುಚ್ಚು. ಅದು ಹಗಲಲ್ಲೇ ಹಿಂಡುಕಟ್ಟಿ ಬೇಟೆಯಾಡುತ್ತದೆ, ಕಾಡಿನೊಳಗೆ ಚದುರಿದಾಗ ಸಿಳ್ಳೆ ಹೊಡೆದು ಒಂದನ್ನೊಂದು ಕರೆಯುತ್ತದೆ. ಕೆಳದವಡೆಯಲ್ಲಿ ಪಕ್ಕಕ್ಕೆ ಎರಡೇ ಹಿಂದವಡೆ ಹಲ್ಲು. ತೋಳಕ್ಕೂ ಸಾಕುನಾಯಿಗೂ ಮೂರು. ತೋಳವೋ ಮಾಸಲು ಬೂದುಬಣ್ಣದ್ದು, ಕಾಲುದ್ದದ್ದು. ದಟ್ಟ ಕಾಡು ಅದಕ್ಕೆ ಬೇಡ. ಹುಲ್ಲು, ಕುರುಚಲು, ಕಲ್ಲುಮರಡಿ ಇದ್ದರೆ ಸಾಕು.

ಘಟಪ್ರಭೆಯ ಹಿಡಕಲ್ ಅಣೆಕಟ್ಟಿನ ನೀರು ಹತ್ತಿದ ಕಡೆ ಈಗ ಕಬ್ಬು, ಗೋವಿನಜೋಳ. ನೀರು ಹತ್ತದ ಮರಡಿಗಳಲ್ಲಿ ಇಂದಿಗೂ ಕುರಿ ಮೇಯುತ್ತವೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದಾಗ ಕುರುಬರು ಸುತ್ತ ಬಲೆ ಕಟ್ಟಿ, ಮರಿಗಳನ್ನು ನಡುವೆ ಕೂಡಿ, ನಾಯಿಗಳನ್ನು ಹೊರಗೆ ಬಿಡುತ್ತಾರೆ. ಒಂದು ತೋಳ ನಾಯಿಗಳನ್ನು ಬೆನ್ನಟ್ಟಿಸಿಕೊಂಡು ದೂರ ಹೋದರೆ ಇನ್ನೊಂದು ಹಿಂದಿನಿಂದ ಬಂದು ಮರಿ ಹೊತ್ತೊಯ್ಯುತ್ತದೆ ಎಂಬುದು ಕುರಿಗಾರರ ಮಾತು. ಈ ಸೀಮೆಯ ಆಡುಮಾತಿನಲ್ಲಿ ಅದರ ಹೆಸರು ‘ತ್ವಾಳ’. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಹುಟ್ಟಿದ್ದು ಇಂಥ ಹಗೆತನದಿಂದಲೇ ಇರಬೇಕು. ಕುರಿಯನ್ನೇ ನಂಬಿ ಬದುಕುವವನಿಗೆ ತ್ವಾಳ ಎಂದರೆ ತೋಳ ಮಾತ್ರ. ಮಲೆಯ ಕೆನ್ನಾಯಿಗೆ ಆ ಹೆಸರು ಅವನು ಕೊಡಲಾರ.

ಇನ್ನು ಇಂಗ್ಲಿಷ್ ದಾಖಲೆಗಳು. ಥಾಮಸ್ ವಿಲಿಯಮ್ಸನ್ ಎಂಬ ಸೈನಿಕ 19ನೇ ಶತಮಾನದ ಮೊದಲ ದಶಕದಲ್ಲಿ ಬರೆದ ಶಿಕಾರಿ ಪುಸ್ತಕದಲ್ಲಿ ಈ ಪದ ಬರುತ್ತದೆ. ಅವನು ಪ್ರಾಣಿಯನ್ನು ಕಂಡದ್ದು ಇಂದಿನ ಜಾರ್ಖಂಡ್‌ನ ರಾಮಗಢ ಸೀಮೆಯಲ್ಲಿ. ಅಲ್ಲಿಯವರು ಹಾಗೇ ಕರೆಯುತ್ತಾರೆ ಎಂದೂ ಹೇಳಿದ. 1827ರಲ್ಲಿ ನಿಸರ್ಗತಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಪೂರ್ವದೇಶದ ಹಲವೆಡೆ ಈ ಪದ ಬಳಕೆಯಲ್ಲಿದೆ ಎಂದ. ಎರಡು ವರ್ಷ ಕಳೆದು ಹುಚ್ಚು ಎಂಬರ್ಥದ ತುರ್ಕಿಯ ‘ದೆಲಿ’ಗೆ ಅದನ್ನು ಗಂಟುಹಾಕಿದ, ಸಾಲದೆಂಬಂತೆ ಡಚ್ಚಿನ ‘ದೊಲ್’ ಅನ್ನೂ ಎಳೆತಂದ. ಧ್ವನಿಸಾಮ್ಯವೊಂದನ್ನೇ ಹಿಡಿದು ಹೊರಟರೆ ಎಲ್ಲಿಗೆ ಬೇಕಾದರೂ ಹೋಗಬಹುದು.

ದಖನ್ನಿನ ಸಾಕ್ಷಿಯೂ ಇದೆ. ಮುಂಬೈ ಸರ್ಕಾರದ ಅಧಿಕಾರಿ ವಿಲಿಯಂ ಸೈಕ್ಸ್ 1831ರಲ್ಲಿ ದಖನ್ನಿನ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಕಾಡುನಾಯಿ ಮತ್ತು ತೋಳ ಎರಡಕ್ಕೂ ಅದೇ ಪಟ್ಟಿಯಲ್ಲಿ ಬೇರೆಬೇರೆ ಲ್ಯಾಟಿನ್ ಹೆಸರಿಟ್ಟ. ಮರಾಠಿ ಹೆಸರುಗಳನ್ನೂ ಕೊಟ್ಟ: ಮೊದಲನೆಯದಕ್ಕೆ ಕೋಳಸೂನ, ಎರಡನೆಯದಕ್ಕೆ ಲಾಂಡಗಾ. ಭಾರತದ ತೋಳಕ್ಕೆ ಅವನಿಟ್ಟ ‘ಪ್ಯಾಲಿಪೀಸ್’ ಇಂದಿಗೂ ಉಳಿದಿದೆ. 20ನೇ ಶತಮಾನದ ಆರಂಭದಲ್ಲಿ ನಿಸರ್ಗತಜ್ಞ ರಿಚರ್ಡ್ ಲೈಡೆಕ್ಕರ್, ಪ್ರಾಣಿ ಇರುವ ಸೀಮೆಯ ಜನ ಧೋಲ್ ಎಂಬ ಪದವನ್ನೇ ಬಳಸುವುದಿಲ್ಲ ಎಂದು ಬರೆದ.

ಕನ್ನಡಮೂಲದ ವಾದಕ್ಕೆ ಬಲವೇ ಇಲ್ಲವೆನ್ನಲಾಗದು. ತೋಳದಲ್ಲಿನ ಳಕಾರ ಇಂಗ್ಲಿಷಿನಲ್ಲಿ ಲಕಾರವಾಗುವುದು ಸಹಜ. ತೆಲುಗಿನ ‘ತೋಡೇಲು’ ಇದಕ್ಕೆ ನಂಟಾದ ಪದ, ಅಂದರೆ ಪದ ಒಂದೇ ಭಾಷೆಯ ಸೊತ್ತಲ್ಲ. ಆದರೆ ಆದಿಯ ತಕಾರ ಮಹಾಪ್ರಾಣ ಧಕಾರವಾದದ್ದು ಹೇಗೆ? ತೋಳದ ಹೆಸರು ಇನ್ನೊಂದು ಪ್ರಾಣಿಗೆ ಅಂಟಿದ್ದು ಎಲ್ಲಿ? ಕನ್ನಡವೇ ಇಲ್ಲದ ರಾಮಗಢದಲ್ಲಿ ಅದು ಸಿಕ್ಕಿದ್ದು ಹೇಗೆ? ಜಾರ್ಖಂಡ್‌ನಲ್ಲಿ ಕುಡುಖ್ ಎಂಬ ದ್ರಾವಿಡ ಭಾಷೆ ಇದೆಯಾದರೂ ಕನ್ನಡದ ಪರ ಸಾಕ್ಷಿ ಹೇಳಲು ಅದೊಂದೇ ಸಾಲದು. ಅಭಿಮಾನಕ್ಕೆ ಒಪ್ಪುವ ವ್ಯುತ್ಪತ್ತಿ ಇದು. ಪುರಾವೆಗೆ ನಿಲ್ಲುವುದು ಕಷ್ಟ.

ಮೂಲ ಏನೇ ಇರಲಿ, ಪದವನ್ನು ಮನೆಮಾತಾಗಿಸಿದವನು ರಡ್ಯಾರ್ಡ್ ಕಿಪ್ಲಿಂಗ್. 1895ರಲ್ಲಿ ಬಂದ ಅವನ ಎರಡನೆಯ ಜಂಗಲ್ ಬುಕ್ಕಿನಲ್ಲಿ ದಖನ್ನಿನಿಂದ ದಂಡೆತ್ತಿ ಬರುವ ಕೆಂಪುನಾಯಿಗಳನ್ನು ಮೌಗ್ಲಿಯ ತೋಳಗಳು ಎದುರಿಸುತ್ತವೆ. ನಿಘಂಟು ಹೆಸರಿನಲ್ಲಿ ನಂಟು ಶಂಕಿಸಿದ ಎರಡು ಪ್ರಾಣಿಗಳು ಕಥೆಯಲ್ಲಿ ಪರಸ್ಪರ ವೈರಿಗಳು! ಆ ಹೊತ್ತಿಗೆ ಶಿಕಾರಿಗಳ ಕಣ್ಣಿನಲ್ಲಿ ಕೆನ್ನಾಯಿ ಜಿಂಕೆ ಕದಿಯುವ ಪೀಡೆ. ಕೊಂದವರಿಗೆ ಸರ್ಕಾರ ಇನಾಮು ಕೊಡುತ್ತಿತ್ತು. ಈಗ ಅದು ಅಳಿವಿನಂಚಿನ ಪ್ರಾಣಿ. ಬೆಳಗಾವಿ ಜಿಲ್ಲೆಯಲ್ಲಿ ಅದಕ್ಕೆ ಆಸರೆಯಾದ ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು. ಬಯಲಿನ ತೋಳಕ್ಕೆ ನೆಲೆ ಕೊಟ್ಟಿರುವುದು ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯ.

ಇತರ ಅರ್ಥಗಳು: ಹಳೆಯ ಇಂಗ್ಲಿಷ್ ಬರಹಗಳಲ್ಲಿ ಲಕಾರ ಇಮ್ಮಡಿಸಿ ಬರೆದ ‘ಧೋಲ್ಲ್’ ಪ್ರಾಣಿಯಲ್ಲ, ಬೇಳೆ. ಹಾಗೆಯೇ ಎಚ್.ಪಿ. ಲವ್‌ಕ್ರಾಫ್ಟ್‌ನ ಭಯಾನಕ ಕಥೆಗಳ ಧೋಲ್‌ಗಳು ನೆಲದೊಳಗಿನ ದೈತ್ಯ ಹುಳುಗಳು. ಕಾಡುನಾಯಿಗೂ ಅವಕ್ಕೂ ಸಂಬಂಧವಿಲ್ಲ.