ಹಳಬರ ದಿನ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಯಾಂಕೀ ಸ್ಟೇಡಿಯಂಗೆ ಬೇಸಿಗೆಯ ಒಂದು ದಿನ ಜನ ಪಂದ್ಯದ ಹೊತ್ತಿಗಿಂತ ಬಹಳ ಮೊದಲೇ ಬಂದು ಕೂರುತ್ತಾರೆ. ಅಂದು 'ಓಲ್ಡ್ ಟೈಮರ್ಸ್ ಡೇ', ಅಂದರೆ ಹಳಬರ ದಿನ. ಯಾಂಕೀಸ್ ಬೇಸ್‌ಬಾಲ್ ತಂಡಕ್ಕೆ ಎಂದೋ ಆಡಿ ನಿವೃತ್ತರಾದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ತಲೆ ನೆರೆತವರು, ಹೊಟ್ಟೆ ಬಂದವರು, ಮಂಡಿ ಸೋತವರು ಹಳೆಯ ಸಮವಸ್ತ್ರ ತೊಟ್ಟು ಮೈದಾನದ ಬಿಳಿಗೆರೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ತೀರಿಹೋದ ಆಟಗಾರರ ಪತ್ನಿಯರೂ ಕೆಲವರು ಆ ಸಾಲಿನಲ್ಲಿರುತ್ತಾರೆ. ಆಮೇಲೆ ಹಳಬರದೇ ಒಂದೆರಡು ಇನ್ನಿಂಗ್ಸಿನ ಆಟ, ಅದು ಮುಗಿದ ಮೇಲೆ ಈಗಿನ ತಂಡದ ನಿಜವಾದ ಪಂದ್ಯ. ಕೋವಿಡ್ ನಂತರ ಕೆಲವು ವರ್ಷ ನಿಂತಿದ್ದ ಈ ಪುಟ್ಟ ಆಟ 2025ರಲ್ಲಿ ಮತ್ತೆ ನಡೆಯಿತು. ಅಂದು 55 ವರ್ಷದ ಮರಿಯಾನೋ ರಿವೇರಾ ಚೆಂಡಿನ ಹಿಂದೆ ಓಡಿ ಹಿಮ್ಮಡಿಯ ನರ ಹರಿದುಕೊಂಡ.

ಅಂಗಿಯ ಸಂಖ್ಯೆಗೂ ನಿವೃತ್ತಿ ಕೊಡುವ ಪದ್ಧತಿ ನಮಗೆ ಹೊಸದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಆರ್‌ಸಿಬಿ ತಂಡ ಎಬಿ ಡಿವಿಲಿಯರ್ಸ್‌ನ 17 ಮತ್ತು ಕ್ರಿಸ್ ಗೇಲ್‌ನ 333ನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಘೋಷಿಸಿದಾಗ ಕಂಡದ್ದು ಇದೇ ಪದ್ಧತಿಯನ್ನು. ಯಾಂಕೀಸ್ ತಂಡದಲ್ಲಿ ಈಗ 1ರಿಂದ 9ರವರೆಗಿನ ಒಂದು ಸಂಖ್ಯೆಯೂ ಉಳಿದಿಲ್ಲ. 2017ರಲ್ಲಿ ಡೆರೆಕ್ ಜೀಟರ್‌ನ 2 ಹೋದಮೇಲೆ ಆ ಸಾಲು ಖಾಲಿಯಾಯಿತು. ಬೇಸ್‌ಬಾಲ್‌ನ ದೊಡ್ಡ ಲೀಗುಗಳಲ್ಲಿ ಹೀಗೆ ಮೊದಲು ನಿವೃತ್ತಿ ಪಡೆದದ್ದು 4. ಅದು ಲೂ ಗೆರಿಗ್‌ನ ಸಂಖ್ಯೆ. 1929ರಲ್ಲಿ ಯಾಂಕೀಸ್ ಬ್ಯಾಟಿಂಗ್ ಕ್ರಮಕ್ಕೆ ತಕ್ಕಂತೆ ಅಂಗಿಗಳಿಗೆ ಸಂಖ್ಯೆ ಹಾಕಿದಾಗ ಬೇಬ್ ರೂತ್‌ಗೆ 3, ಅವನ ನಂತರ ಆಡುತ್ತಿದ್ದ ಗೆರಿಗ್‌ಗೆ 4 ಬಂದಿತ್ತು.

ಗೆರಿಗ್ 1925ರಿಂದ ಸತತವಾಗಿ 2,130 ಪಂದ್ಯ ಆಡಿದ. 1939ರ ಮೇ 2ರಂದು ಡೆಟ್ರಾಯಿಟ್‌ನಲ್ಲಿ, ಇಂದು ನನ್ನನ್ನು ಆಡಿಸಬೇಡಿ ಎಂದು ತಾನೇ ಹೋಗಿ ಮ್ಯಾನೇಜರ್ ಜೋ ಮೆಕಾರ್ತಿಗೆ ಹೇಳಿದ. ಕೈಕಾಲಿನ ಬಲ ಇಳಿಯುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಜೂನ್ 19ರಂದು, ಅವನಿಗೆ 36 ತುಂಬಿದ ದಿನ, ಮೇಯೋ ಕ್ಲಿನಿಕ್ಕಿನ ವೈದ್ಯರು ಅದಕ್ಕೆ ಎಎಲ್‌ಎಸ್ ಎಂದು ಹೆಸರು ಕೊಟ್ಟರು. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಇವತ್ತಿಗೂ ಅಮೆರಿಕದಲ್ಲಿ ಅದನ್ನು ಗೆರಿಗ್‌ನ ಹೆಸರಿನಿಂದಲೇ ಕರೆಯುತ್ತಾರೆ.

ಅದೇ ವರ್ಷದ ಜುಲೈ 4ರಂದು ವಾಷಿಂಗ್ಟನ್ ತಂಡದ ಜೊತೆ ಒಂದೇ ದಿನ ಎರಡು ಪಂದ್ಯಗಳಿದ್ದವು. ನಡುವಿನ ಬಿಡುವಿನಲ್ಲಿ ಗೆರಿಗ್‌ಗೆ ಗೌರವ ಇಟ್ಟುಕೊಂಡರು. 60 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಹನ್ನೆರಡು ವರ್ಷ ಹಿಂದಿನ, 1927ರ ಪ್ರಸಿದ್ಧ ತಂಡದವರನ್ನು ಕರೆಸಲಾಗಿತ್ತು. ವಾಲಿ ಪಿಪ್ ಕೂಡ ಬಂದಿದ್ದ. 1925ರಲ್ಲಿ ಗೆರಿಗ್ ತಂಡದೊಳಗೆ ಕಾಲೂರಿದ್ದು ಈ ಪಿಪ್ ಕಳೆದುಕೊಂಡ ಜಾಗದಲ್ಲಿ. ಎಷ್ಟೋ ವರ್ಷಗಳಿಂದ ಗೆರಿಗ್‌ನ ಜೊತೆ ಮಾತು ಬಿಟ್ಟಿದ್ದ ರೂತ್ ಬಂದು ಅವನನ್ನು ತಬ್ಬಿಕೊಂಡ. ಉಡುಗೊರೆ ಕೊಟ್ಟವರಲ್ಲಿ ಜೊತೆ ಆಟಗಾರರು, ಎದುರಾಳಿ ತಂಡದವರು, ಮೈದಾನದ ಕೆಲಸಗಾರರು ಎಲ್ಲರೂ ಇದ್ದರು. ಗೆರಿಗ್ ಒಂದೊಂದನ್ನೂ ತೆಗೆದುಕೊಂಡು ನೆಲದ ಮೇಲೆ ಇಡುತ್ತ ಹೋದ. ಹಿಡಿದುಕೊಂಡು ನಿಲ್ಲುವ ಬಲ ಅವನ ತೋಳುಗಳಲ್ಲಿ ಇರಲಿಲ್ಲ. ಕೊನೆಗೆ ಮೈಕಿನ ಮುಂದೆ, ತಾನು ಅದೃಷ್ಟವಂತ ಎಂಬ ಅರ್ಥದ ನಾಲ್ಕು ಮಾತು ಆಡಿದ. 1941ರ ಜೂನ್ 2ರಂದು ತೀರಿಕೊಂಡ.

ಹಳಬರನ್ನು ಕರೆಸಿ ಗೌರವಿಸುವ ಈ ಪದ್ಧತಿ ಬೆಳೆದದ್ದು ಆ ಮಧ್ಯಾಹ್ನದ ನೆರಳಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯಾಂಕೀಸ್ ಅದನ್ನು ವರ್ಷಕ್ಕೊಮ್ಮೆಯ ಹಬ್ಬ ಮಾಡಿಕೊಂಡಿತು. 1948ರ ಜೂನ್ 13ರಂದು ಸ್ಟೇಡಿಯಂಗೆ 25 ತುಂಬಿದ ಸಮಾರಂಭಕ್ಕೆ ರೂತ್ ಬಂದ. ಕ್ಯಾನ್ಸರ್ ಅವನನ್ನು ಹಿಂಡಿಹಾಕಿತ್ತು. ಬ್ಯಾಟನ್ನೇ ಊರುಗೋಲು ಮಾಡಿಕೊಂಡು ನಿಂತ. ಎಲ್ಲ ಛಾಯಾಗ್ರಾಹಕರೂ ಮುಂದಿನಿಂದ ಚಿತ್ರ ತೆಗೆಯುತ್ತಿದ್ದರೆ ನ್ಯಾಟ್ ಫೈನ್ ಎಂಬಾತ ಹಿಂದಕ್ಕೆ ಹೋಗಿ ಬೆನ್ನಿನ ಮೇಲಿನ 3 ಕಾಣುವಂತೆ ತೆಗೆದ. ಆ ಸಂಖ್ಯೆಗೆ ಅಂದೇ ನಿವೃತ್ತಿ. ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಬಂತು. ಆಗಸ್ಟ್ 16ರಂದು ರೂತ್ ತೀರಿಕೊಂಡ.

ಸಾವಿನ ಹತ್ತಿರ ನಿಂತವರನ್ನು ಗೌರವಿಸುವಾಗ ಹಳೆಯ ಜಗಳ, ಸಂಬಳದ ಹಗ್ಗಜಗ್ಗಾಟ ಯಾವುದೂ ನೆನಪಾಗುವುದಿಲ್ಲ. ಬದುಕಿರುವವರ ವಿಷಯ ಅಷ್ಟು ಸಲೀಸಲ್ಲ. 1978ರ ಜುಲೈ 24ರಂದು ಮ್ಯಾನೇಜರ್ ಬಿಲ್ಲಿ ಮಾರ್ಟಿನ್, ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಜೊತೆಗಿನ ಜಗಳದಲ್ಲಿ ಅಳುತ್ತ ರಾಜೀನಾಮೆ ಕೊಟ್ಟ. ಅಭಿಮಾನಿಗಳು ಮಾಲೀಕನ ಮೇಲೆ ಕೆರಳಿದರು. ಐದೇ ದಿನಕ್ಕೆ ಹಳಬರ ದಿನ. ಮಾರ್ಟಿನ್‌ನನ್ನು ಗುಟ್ಟಾಗಿ ಕರೆತಂದು, 1980ರಲ್ಲಿ ಮತ್ತೆ ಇವನೇ ಮ್ಯಾನೇಜರ್ ಎಂದು ಮೈಕಿನಲ್ಲಿ ಸಾರಿದರು. ಸ್ಟೇಡಿಯಂ ಎದ್ದು ನಿಂತಿತು. ಹಿರಿಯರನ್ನು ನೆನೆಯಲು ಇಟ್ಟ ದಿನ ಮಾಲೀಕನ ಮಾನ ಉಳಿಸುವ ಕೆಲಸಕ್ಕೂ ಒದಗಿತು.

ಆ ಮಾಲೀಕನಿಗೆ ಕೈಗೆ ಸಿಗದೆ ಉಳಿದವನು ಯೋಗಿ ಬೆರಾ. ಅವನ ನಿಜವಾದ ಹೆಸರು ಲಾರೆನ್ಸ್. ಚಕ್ಕಳಮಕ್ಕಳ ಹಾಕಿ ಕೂತಾಗ ಸಿನಿಮಾದಲ್ಲಿ ಕಂಡ ಭಾರತದ ಯೋಗಿಯ ಹಾಗೆ ಕಾಣುತ್ತಾನೆ ಎಂದು ಗೆಳೆಯರು ಇಟ್ಟ ಹೆಸರು ಅಂಟಿಕೊಂಡಿತು. ಆಟಗಾರನಾಗಿ ಯಾಂಕೀಸ್‌ಗೆ ಹತ್ತು ವಿಶ್ವ ಸರಣಿ ಗೆಲ್ಲಿಸಿಕೊಟ್ಟವರಲ್ಲಿ ಒಬ್ಬ. 1985ರಲ್ಲಿ ಅವನು ಮ್ಯಾನೇಜರ್ ಆಗಿದ್ದಾಗ, ಋತುವಿನ ಹದಿನಾರು ಪಂದ್ಯ ಮುಗಿಯುತ್ತಿದ್ದಂತೆ ಕೆಲಸದಿಂದ ತೆಗೆದರು. ಆ ಮಾತನ್ನು ಸ್ಟೈನ್‌ಬ್ರೆನರ್ ತಾನೇ ಹೇಳಲಿಲ್ಲ, ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸಿದ. ಈ ಮನುಷ್ಯ ಇರುವತನಕ ಈ ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಬೆರಾ ತೀರ್ಮಾನಿಸಿದ. ಹದಿನಾಲ್ಕು ವರ್ಷ ಹಳಬರ ದಿನಗಳು ಅವನಿಲ್ಲದೆ ನಡೆದವು. ಸ್ಟೇಡಿಯಂನಲ್ಲಿ ಅವನ ಹೆಸರಿನ ಫಲಕ ಹಾಕಿದಾಗಲೂ ಬರಲಿಲ್ಲ.

1999ರ ಜನವರಿಯಲ್ಲಿ ಸ್ಟೈನ್‌ಬ್ರೆನರ್ ನ್ಯೂಜೆರ್ಸಿಯಲ್ಲಿರುವ ಬೆರಾನ ವಸ್ತುಸಂಗ್ರಹಾಲಯಕ್ಕೆ ತಾನೇ ಹೋಗಿ ಕ್ಷಮೆ ಕೇಳಿದ. ಜುಲೈ 18 'ಯೋಗಿ ಬೆರಾ ದಿನ'ವಾಯಿತು. 1956ರ ವಿಶ್ವ ಸರಣಿಯಲ್ಲಿ ಡಾನ್ ಲಾರ್ಸನ್ ಎದುರಾಳಿಯ 27 ಮಂದಿಯನ್ನೂ ಒಬ್ಬರೂ ಬೇಸ್ ಮುಟ್ಟದಂತೆ ಔಟ್ ಮಾಡಿದಾಗ ಅವನ ಚೆಂಡು ಹಿಡಿದವನು ಬೆರಾ. ಇಂಥ ಪಂದ್ಯಕ್ಕೆ 'ಪರ್ಫೆಕ್ಟ್ ಗೇಮ್' ಎನ್ನುತ್ತಾರೆ. ಅಂದು ಸಾಂಕೇತಿಕ ಮೊದಲ ಚೆಂಡನ್ನು ಅದೇ ಲಾರ್ಸನ್ ಎಸೆದ, ಅದೇ ಬೆರಾ ಕ್ಯಾಚರ್ ಜೋ ಜಿರಾರ್ಡಿಯ ಗ್ಲೌಸ್ ಎರವಲು ಪಡೆದು ಹಿಡಿದ. ಆಮೇಲೆ ನಡೆದ ಪಂದ್ಯದಲ್ಲಿ ಡೇವಿಡ್ ಕೋನ್ 88 ಎಸೆತಗಳಲ್ಲಿ ಮಾಂಟ್ರಿಯಲ್ ತಂಡದ 27 ಮಂದಿಯನ್ನೂ ಹಾಗೆಯೇ ಔಟ್ ಮಾಡಿದ. ಕಥೆಯಲ್ಲಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

ಜನ ನೆನೆಯುವುದು ಕೋನ್‌ನ ಆ 88 ಎಸೆತಗಳನ್ನು. ನನಗೆ ಹೆಚ್ಚು ಕಾಡುವುದು ಅದಕ್ಕೂ ಮೊದಲಿನ ಹದಿನಾಲ್ಕು ವರ್ಷ. ಗೌರವ ಮಾಡುವವರಿಗೆ ಅದು ಎಷ್ಟು ಬೇಕಾಗಿರುತ್ತದೆ ಎಂಬುದು ಬೆರಾ ಬಾರದೆ ಇದ್ದಾಗ ಗೊತ್ತಾಯಿತು. ಶಾಲು, ಹಾರ, ಫಲಕಗಳ ನಮ್ಮ ಸನ್ಮಾನ ಸಮಾರಂಭಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬರುವುದಿಲ್ಲ ಎನ್ನುವ ಹಕ್ಕು ಇರುವುದು ಕರೆ ಬಂದವರಿಗೆ ಮಾತ್ರ. 1939ರಲ್ಲಿ ಬಂದು ನಿಂತ ಹಳಬರೆಲ್ಲ ಬಿಳಿಯರು. ಕರಿಯರ ಲೀಗಿನ ತಂಡಗಳು 1930ರಿಂದಲೇ ಈ ಮೈದಾನದಲ್ಲಿ ಆಡಿದ್ದರೂ, ಯಾಂಕೀಸ್ ತಂಡಕ್ಕೆ ಮೊದಲ ಕರಿಯ ಆಟಗಾರ ಎಲ್‌ಸ್ಟನ್ ಹೋವರ್ಡ್ ಬಂದದ್ದು 1955ರಲ್ಲಿ. ಹಣದ ಲೆಕ್ಕವೂ ಇದೆ. ಆಟಗಾರರ ಪಿಂಚಣಿ ಯೋಜನೆ ಶುರುವಾದದ್ದು 1947ರಲ್ಲಿ. 1980ರ ಒಪ್ಪಂದದ ಪ್ರಕಾರ ದೊಡ್ಡ ಲೀಗಿನಲ್ಲಿ 43 ದಿನ ಇದ್ದವರಿಗೂ ಪಿಂಚಣಿಯ ಹಕ್ಕು ಬಂತು. ಆದರೆ ಅದಕ್ಕೂ ಮೊದಲು, ನಾಲ್ಕು ವರ್ಷ ತುಂಬದೆ ಆಟ ಬಿಟ್ಟಿದ್ದವರಿಗೆ ಈ ಹಕ್ಕು ಅನ್ವಯವಾಗಲಿಲ್ಲ. 2011ರಲ್ಲಿ ಅವರಿಗೆ ವರ್ಷಕ್ಕೆ ಒಂದಿಷ್ಟು ಮೊತ್ತ ಕೊಡಲು ಒಪ್ಪಿಕೊಂಡರು. ಪಿಂಚಣಿ ಎಂದು ಅದನ್ನು ಕರೆಯಲು ಬರುವುದಿಲ್ಲ. ಅಷ್ಟರೊಳಗೆ ಮೂರು ದಶಕ ಕಳೆದು, ಎಷ್ಟೋ ಮಂದಿ ತೀರಿಹೋಗಿದ್ದರು.

ಹಾಗಂತ ಹಳಬರ ದಿನ ಬರೀ ನಾಟಕ ಎನ್ನಲಾರೆ. ಪಿಪ್ ಗೆರಿಗ್‌ಗಾಗಿ ಬಂದದ್ದು, ರೂತ್ ಮುನಿಸು ಮರೆತು ತಬ್ಬಿಕೊಂಡದ್ದು ಯಾರೂ ಬರೆದುಕೊಟ್ಟು ಆದದ್ದಲ್ಲ. ಮುಂದೆಂದಾದರೂ ಆ ದಿನ ನೀವು ಅಲ್ಲಿ ಕೂತಿದ್ದರೆ, ಹೆಸರು ಕೂಗಿದಾಗ ಚಪ್ಪಾಳೆ ತಟ್ಟಿ. ಬಿಳಿಗೆರೆಯ ಮೇಲೆ ಯಾರು ನಿಂತಿಲ್ಲ ಎಂಬುದನ್ನೂ ಒಮ್ಮೆ ನೋಡಿ.