ಬಾಣಸ್ತಾರಿ ದಾಟಿದರೆ ಪರದೇಶ: ಹಣ ಬದಲಿಸುವವರ ಹಳೇ ಲೆಕ್ಕ



ಬಲಿಪೂಜೆ ಮುಗಿದು ಅಂಗಳದಲ್ಲಿ ನಿಂತು ಮಾತಾಡುವಾಗ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ: "ರಜೆಗೆ ದುಬೈಗೆ ಹೊರಟಿದ್ದೀವಿ, ದಿರ್ಹಮ್ ಎಲ್ಲಿ ಅಗ್ಗಕ್ಕೆ ಸಿಗುತ್ತೆ?" ಕೆಲವರಿಗೆ ದುಬೈ, ಕೆಲವರಿಗೆ ಬ್ಯಾಂಕಾಕ್, ಹಿರಿಯರಿಗೆ ಪವಿತ್ರ ನಾಡು. ಈ ಪ್ರಶ್ನೆ ಹೊಸದಲ್ಲ. ಗೋವಾದ ಕುಂಡಯಿಯಂಥ ಊರಿನಲ್ಲಿ ಇದಕ್ಕೆ ಐನೂರು ವರ್ಷ ವಯಸ್ಸಾಗಿದೆ.

ಪಣಜಿಯಿಂದ ಫೋಂಡಾ ಬಸ್ಸು ಹತ್ತಿದರೆ ಹಳೇ ಗೋವಾ ಕಳೆದು ಬಾಣಸ್ತಾರಿಯ ಸೇತುವೆ ಬರುತ್ತದೆ, ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಕುಂಡಯಿ. ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಕಡೆಯ ಜನ ಬಹಳ ಇದ್ದಾರೆ. ಆ ಸೇತುವೆಯ ಕೆಳಗೆ ಹರಿಯುವ ಕುಂಬಾರ್‌ಜುವೆ ಕಾಲುವೆ ಒಂದು ಕಾಲಕ್ಕೆ ದೇಶದ ಗಡಿ. 1510ರಲ್ಲಿ ಆಲ್ಬುಕರ್ಕ್ ಗೋವಾ ದ್ವೀಪವನ್ನು ಹಿಡಿದ ಮೇಲೆ ಕಾಲುವೆಯ ಪಶ್ಚಿಮಕ್ಕೆ ಪೋರ್ಚುಗಲ್, ಪೂರ್ವಕ್ಕೆ ಬಿಜಾಪುರದ ಆದಿಲ್‌ಶಾಹಿ. ಕುಂಡಯಿ ಪೂರ್ವಕ್ಕಿತ್ತು. ಆದಿಲ್‌ಶಾಹಿಯ ನಂತರ ಮರಾಠರು, ನಮ್ಮ ಶಿರಸಿ ಬಳಿಯ ಸೋದೆಯ ಅರಸರು ಈ ಸೀಮೆಯನ್ನು ಆಳಿದರು. 1763ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿನ ಅರಸ ಪೋರ್ಚುಗೀಸರ ಆಶ್ರಯಕ್ಕೆ ಬಂದ. ಫೋಂಡಾ ಸೀಮೆ ಪೋರ್ಚುಗೀಸರ ಕೈಸೇರಿತು. ಅಲ್ಲಿಯವರೆಗೆ ಸುಮಾರು ಇನ್ನೂರೈವತ್ತು ವರ್ಷ, ಕುಂಡಯಿಯವನೊಬ್ಬ ದೋಣಿ ಹತ್ತಿ ಆಚೆ ದಡದ ಪೇಟೆಗೆ ಹೋದರೂ ಅದು ಪರದೇಶ ಪ್ರಯಾಣವೇ!

ಆಚೆ ದಡದಲ್ಲಿ ಯಾವ ದುಡ್ಡು? ಇದು ಸುಲಭದ ಪ್ರಶ್ನೆಯಲ್ಲ. ಆಲ್ಬುಕರ್ಕ್ 1510ರಲ್ಲೇ ಟಂಕಸಾಲೆ ತೆರೆದಿದ್ದ. ಆದರೂ ವ್ಯಾಪಾರಿಗಳು ನಂಬುತ್ತಿದ್ದದ್ದು ವಿಜಯನಗರದ ಚಿನ್ನದ ವರಹವನ್ನು. ಅರ್ಧ ವರಹಕ್ಕೆ 'ಪ್ರತಾಪ' ಎಂಬ ಹೆಸರಿತ್ತಲ್ಲ, ಅದೇ ಪೋರ್ಚುಗೀಸರ ಬಾಯಲ್ಲಿ 'ಪರ್ದಾವ್' ಆಯಿತು. 'ಅಶ್ರಫಿ' ಹೋಗಿ 'ಶೆರಾಫಿಂ' ಆಯಿತು. ಇವುಗಳ ಜೊತೆಗೆ ಹೊರ್ಮುಜ್‌ನಿಂದ ಬರುವ ಲಾರಿ, ಅಂದರೆ ಬೆಳ್ಳಿಯ ತಂತಿಯನ್ನು ಮಡಿಚಿ ಮಾಡಿದ ನಾಣ್ಯ. ಮೇಲೆ ಸ್ಪೇನಿನ ಬೆಳ್ಳಿ ರಿಯಾಲ್.

ಈ ಗೊಂದಲವನ್ನು ಕಣ್ಣಾರೆ ಕಂಡು ಬರೆದವನು ಡಚ್ ಯುವಕ ಯಾನ್ ಹ್ಯೂಗನ್ ವಾನ್ ಲಿನ್ಸ್ಕೋಟನ್. 1583ರಲ್ಲಿ ಗೋವಾದ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿ ಬಂದಾಗ ಅವನಿಗಿನ್ನೂ ಇಪ್ಪತ್ತರ ಆಸುಪಾಸು, ಅಂದರೆ ನಿಮ್ಮದೇ ವಯಸ್ಸು. 1596ರಲ್ಲಿ ಅಚ್ಚಾದ ಅವನ ಪ್ರವಾಸ ಪುಸ್ತಕದಲ್ಲಿ ಗೋವಾದ ಬೀದಿ ಮೂಲೆಗಳಲ್ಲಿ ಕೂರುವ ಸರಾಫರ ಮಾತು ಬರುತ್ತದೆ. ಕೈಗೆ ನಾಣ್ಯ ಬಿದ್ದ ಕೂಡಲೇ ಖೋಟಾ ಯಾವುದು, ಅಸಲಿ ಯಾವುದು ಎಂದು ಹೇಳಿಬಿಡುತ್ತಿದ್ದರಂತೆ. ಪೇಟೆಯಲ್ಲಿ 'ಒಳ್ಳೆಯ ಹಣ', 'ಕೆಟ್ಟ ಹಣ' ಎಂದು ಎರಡು ಲೆಕ್ಕ: ಒಳ್ಳೆಯ ನಾಲ್ಕು ತಂಗಾ ಎಂದರೆ ಕೆಟ್ಟ ಐದು ತಂಗಾ. ಬೆಲೆ ಹೇಳುವಾಗ ಯಾವ ಹಣದಲ್ಲಿ ಎಂದು ಕೇಳಿಕೊಳ್ಳದಿದ್ದರೆ ಮೋಸ ಹೋದಂತೆಯೇ.

ಅಗ್ಗಕ್ಕೆ ಕೊಳ್ಳುವ ಗುಟ್ಟನ್ನೂ ಅವನು ಬರೆದಿದ್ದಾನೆ. ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ಹಡಗುಗಳು ಬಂದಾಗ ರಿಯಾಲ್ ಅಗ್ಗ. ಏಪ್ರಿಲ್‌ನಲ್ಲಿ ಚೀನಾಕ್ಕೆ ಹಡಗು ಹೊರಡುವಾಗ ತುಟ್ಟಿ. ಕೈಯಲ್ಲಿ ಹಣವಿದ್ದವರು ಕೊಂಡಿಟ್ಟು, ಏನೂ ಮಾಡದೆ ಆರೇಳು ತಿಂಗಳು ಕೂತು ಲಾಭ ಮಾಡುತ್ತಿದ್ದರು. ತೆತ್ತವರು ಯಾರು? ಹೊರಡುವ ದಿನವೇ ನಾಣ್ಯ ಬೇಕಾದವರು.

ಜೆರುಸಲೇಮಿನ ದೇವಾಲಯದ ಪ್ರಸಂಗ ನಿಮಗೆ ನೆನಪಾಗಿರಬಹುದು. ಯೇಸುಸ್ವಾಮಿ ಮೇಜು ಉರುಳಿಸಿದ್ದು ಇಂಥದೇ ವಿನಿಮಯಗಾರರದು. ದೇವಾಲಯದ ತೆರಿಗೆಯನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲೇ ಕೊಡಬೇಕಿತ್ತು. ಬದಲಿಸಲು ಮೇಲೊಂದು ಶುಲ್ಕ. ದೂರದಿಂದ ಹಬ್ಬಕ್ಕೆ ಬಂದ ಯಾತ್ರಿಕನಿಗೆ ಬೇರೆ ದಾರಿ ಇರಲಿಲ್ಲ.

ನನ್ನ ಮಟ್ಟಿಗೆ ಗೋವಾ ಪ್ರಯಾಣಿಕನಿಗೆ ಅತ್ಯಂತ ಅಗ್ಗದ ವಿದೇಶಿ ಹಣ ಸಿಕ್ಕಿದ್ದು 1880ರ ನಂತರ. ಬ್ರಿಟನ್ ಮತ್ತು ಪೋರ್ಚುಗಲ್ 1878ರಲ್ಲಿ ಮಾಡಿಕೊಂಡ ಒಪ್ಪಂದ ಜಾರಿಗೆ ಬಂದು, ಗೋವಾದ ರುಪಿಯಾ ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಸರಿಸಮವಾಯಿತು. ರಾಜ ಲೂಯಿಸನ ಮುಖವಿದ್ದ ಆ ನಾಣ್ಯಗಳನ್ನು ಅಚ್ಚುಹಾಕಿದ್ದೂ ಕಲ್ಕತ್ತೆಯಲ್ಲೇ. ಒಪ್ಪಂದ 1892ರಲ್ಲಿ ಮುಗಿದರೂ ಸಮಮೌಲ್ಯ ಉಳಿಯಿತು. 1900, 1922, 1931ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ದರ್ಶನಕ್ಕೆ ಕಾರವಾರ, ಮಂಗಳೂರು ಕಡೆಯಿಂದ ಹೊರಟ ಯಾತ್ರಿಕರಿಗೆ ಹೋಗುವುದು ಬೇರೆ ದೇಶಕ್ಕಾದರೂ ಹಣದ ಲೆಕ್ಕ ಒಂದಕ್ಕೆ ಒಂದೇ.

1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹಾಕಿದಾಗ ಆ ಸುಖ ಮುಗಿಯಿತು. 1959ರಲ್ಲಿ ರುಪಿಯಾ ಹೋಗಿ ಎಸ್ಕುಡೊ ಬಂತು, ಒಂದು ರುಪಿಯಾಕ್ಕೆ 6 ಎಸ್ಕುಡೊ. ಆಗ ಡಾಲರಿಗೆ 28.75 ಎಸ್ಕುಡೊ, ನಮ್ಮಲ್ಲಿ 4.76 ರೂಪಾಯಿ, ಭಾಗಿಸಿ ನೋಡಿ, ಹತ್ತಿರ ಹತ್ತಿರ ಆರೇ ಬರುತ್ತದೆ. 1961ರ ಡಿಸೆಂಬರ್ 19ರ ನಂತರ ಎಸ್ಕುಡೊ ಇತಿಹಾಸ ಸೇರಿತು. ಕುಂಡಯಿಯ ಜನ ಹೊಸದಾಗಿ ಕಂಡದ್ದು ಭಾರತದ ವಿದೇಶಿ ವಿನಿಮಯ ನಿಯಂತ್ರಣವನ್ನು. ಡಾಲರ್ ಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು; 1973ರ ಫೆರಾ ಕಾಯ್ದೆಯಂತೂ ತಪ್ಪಿದವರನ್ನು ಜೈಲಿಗೇ ಕಳಿಸುವಂಥದ್ದು. ಕಾಳಸಂತೆ ಬೆಳೆದದ್ದರಲ್ಲಿ ಆಶ್ಚರ್ಯವೇನು? 1999ರ ಫೆಮಾ ಬಂದ ಮೇಲೆ ಬಿಗಿ ಸಡಿಲಾಯಿತು. 2004ರಲ್ಲಿ ಒಬ್ಬರಿಗೆ ವರ್ಷಕ್ಕೆ 25,000 ಡಾಲರ್ ಎಂದು ಶುರುವಾದ ಮಿತಿ ಈಗ 2,50,000.

ಹಾಗಾದರೆ ದಿರ್ಹಮ್ ಎಲ್ಲಿ ಅಗ್ಗ? ಇಂದಿನ 'ಕೆಟ್ಟ ಹಣ' ಇರುವುದು "ಕಮಿಷನ್ ಇಲ್ಲ" ಎಂಬ ಬೋರ್ಡಿನ ಹಿಂದೆ. ಮಾರುಕಟ್ಟೆ ದರ 23 ರೂಪಾಯಿ ಎಂದುಕೊಳ್ಳಿ, ಕೌಂಟರಿನಲ್ಲಿ 24.50 ಹೇಳಿದರು. ಕಮಿಷನ್ ಸೊನ್ನೆಯೇ, ಆದರೆ 3,000 ದಿರ್ಹಮಿಗೆ ನಿಮ್ಮ ಜೇಬಿನಿಂದ ಹೋದದ್ದು 4,500 ರೂಪಾಯಿ. ಕಾರ್ಖಾನೆಯಲ್ಲಿ ದುಡಿಯುವ ಅಪ್ಪನ ಎಷ್ಟು ದಿನದ ಪಾಳಿ ಅದು, ನೀವೇ ಲೆಕ್ಕ ಹಾಕಿ. ವಿಮಾನ ನಿಲ್ದಾಣದ ಕೌಂಟರು ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ, ಏಕೆಂದರೆ ಅಲ್ಲಿ ನಿಂತವನು ಹೊರಡುವ ದಿನದ ಗಿರಾಕಿ. ಒಂದು ವಾರ ಮೊದಲೇ ಎರಡು ಮೂರು ಅಧಿಕೃತ ಕಡೆ, ಎಲ್ಲ ಶುಲ್ಕ ಸೇರಿ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ. ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ಅಲ್ಲಿನ ಅಂಗಡಿಯಲ್ಲಿ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ?" ಎಂದು ಕೇಳಿದರೆ ಬೇಡ ಎನ್ನಿ, ಆ ದರ ಅವರದು. ಗಲ್ಫಿನಿಂದ ರಜೆಗೆ ಬಂದ ಪರಿಚಯದವರು ಕಡಿಮೆ ದರಕ್ಕೆ ನೋಟು ಕೊಡುತ್ತೇನೆ ಎಂದರೆ ಆಸೆಯಾಗುವುದು ಸಹಜ. ಆದರೆ ಪರವಾನಗಿ ಇಲ್ಲದವರಿಂದ ಕೊಳ್ಳುವುದು ಫೆಮಾ ಪ್ರಕಾರ ತಪ್ಪು.

ಮರಳಿ ಬಂದ ಮೇಲೆ 2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು, ಹೆಚ್ಚಿನದನ್ನು 180 ದಿನಗಳೊಳಗೆ ಹಿಂತಿರುಗಿಸಬೇಕು. ನಾಣ್ಯಗಳನ್ನು ಮಾತ್ರ ಇಲ್ಲಿ ಕೊಳ್ಳುವವರು ಸಿಗುವುದು ಕಷ್ಟ. ಅವನ್ನು ಅಲ್ಲೇ ಚಹಾ ಕುಡಿದು ಮುಗಿಸಿ ಬನ್ನಿ.